ಬ್ಯೂರೆಟ್ ಹಿಡಿದ ಕೈ

ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬ್ಯೂರೆಟ್ ಅಂದರೆ ಅಳತೆಯ ಗೆರೆಗಳಿರುವ ಉದ್ದನೆಯ ಗಾಜಿನ ಕೊಳವೆ. ಅದನ್ನು ಓದುವಾಗ ಮೊಣಕಾಲು ಬಗ್ಗಿಸಿ, ಕಣ್ಣನ್ನು ದ್ರವದ ಮಟ್ಟಕ್ಕೇ ತರಬೇಕು. ನಿಂತಲ್ಲಿಂದಲೇ ಓದಿದರೆ ಮೇಡಂ ರೀಡಿಂಗ್ ಹೊಡೆದುಹಾಕುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು, ಈಗ ವೈನರಿಯ ಹೊಸ ಹುಡುಗರಿಗೆ ನಾನೂ ಅದನ್ನೇ ಮಾಡುತ್ತೇನೆ.

ದ್ರಾಕ್ಷಿ ರಸದ ಹುಳಿ ಅಳೆಯುವುದು ಅದೇ ಟೈಟ್ರೇಶನ್, ಅಂದರೆ ಬ್ಯೂರೆಟ್‌ನಿಂದ ಕ್ಷಾರ ಬಿಟ್ಟು ಹುಳಿ ಎಷ್ಟಿದೆ ಅಂತ ಲೆಕ್ಕ ಹಾಕುವುದು. ಕ್ಷಾರವೂ ಅದೇ ಸೋಡಿಯಂ ಹೈಡ್ರಾಕ್ಸೈಡ್. ಕೆಂಪು ವೈನಿನಲ್ಲಿ ಮಾತ್ರ, ಇನ್ನು ಸಾಕು ಅಂತ ಬಣ್ಣ ಬದಲಿಸಿ ತೋರಿಸುವ ಇಂಡಿಕೇಟರ್‌ನ ಗುಲಾಬಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಹುಳಿ-ಕ್ಷಾರದ ಮಟ್ಟ ತೋರಿಸುವ ಪಿಎಚ್ ಮೀಟರ್ ಇಟ್ಟು, 8.2 ಬರುವವರೆಗೆ ಹನಿ ಹನಿಯಾಗಿ ಬಿಡುತ್ತೇವೆ.

ವೈನ್ ಮೇಕರ್ ಅಂದರೆ ಗ್ಲಾಸ್ ಅಲ್ಲಾಡಿಸಿ ವಾಸನೆ ನೋಡುವವನು ಅಂತ ಜನ ತಿಳಿದಿದ್ದಾರೆ, ಅಲ್ವಾ? ಆದರೆ ಈ ಕಸುಬು ಶುರುವಾಗುವುದು ಸೆಲ್ಲಾರ್ ಕೆಲಸದಿಂದ, ಅಂದರೆ ವೈನ್ ಮಾಡಿ ಇಡುವ ಕೋಣೆಯ ಕೆಲಸದಿಂದ. ಪೈಪ್ ಎಳೆಯಬೇಕು, ಟ್ಯಾಂಕ್ ತೊಳೆಯಬೇಕು, ತೊಳೆದದ್ದನ್ನೇ ಮತ್ತೆ ತೊಳೆಯಬೇಕು. ವೈನ್ ಕೆಡುವುದು ಸೂಕ್ಷ್ಮಜೀವಿಗಳಿಂದ ಅಂತ ಲೂಯಿ ಪಾಶ್ಚರ್ 1860ರ ದಶಕದಲ್ಲೇ ತೋರಿಸಿದ್ದರು. ಪರೀಕ್ಷೆಗೆ ಅಂತ ಉರು ಹೊಡೆದಿದ್ದ ಆ ಪಾಠ ನನಗೆ ಅರ್ಥವಾದದ್ದು ಬ್ರಷ್ ಹಿಡಿದ ಮೇಲೆ. ಟ್ಯಾಂಕಿನೊಳಗೆ ಸುಮ್ನೆ ಇಳಿಯುವಂತೆಯೂ ಇಲ್ಲ. ರಸ ಹುದುಗೇಳುವಾಗ ಬರುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ನಿಂತುಬಿಡುತ್ತದೆ. ಅಳೆದು ನೋಡದೆ ಇಳಿದರೆ ಜೀವಕ್ಕೇ ಅಪಾಯ.

ಈ ಕಸುಬಿನ ದೊಡ್ಡ ತೊಡಕು ಏನೆಂದರೆ, ಒಂದು ತೋಟದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಸಲ. ಡಾಕ್ಟರಿಗೆ ದಿನಾ ಹೊಸ ರೋಗಿ ಸಿಗುತ್ತಾರೆ, ನಮಗೆ ಮುಂದಿನ ವರ್ಷದವರೆಗೆ ಕಾಯಬೇಕು. ಅದಕ್ಕೇ ಎಳೆಯರು ಬ್ಯಾಗ್ ಕಟ್ಟಿಕೊಂಡು ಸುತ್ತುತ್ತಾರೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಫ್ರಾನ್ಸ್ ಇಲ್ಲವೇ ಕ್ಯಾಲಿಫೋರ್ನಿಯಾ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆಸ್ಟ್ರೇಲಿಯಾ ಇಲ್ಲವೇ ಚಿಲಿ. ಹಾಗೆ ವರ್ಷಕ್ಕೆ ಎರಡು ಕೊಯ್ಲು ಕೈಗೆ ಸಿಗುತ್ತವೆ. ಕ್ಯಾಲಿಫೋರ್ನಿಯಾದ ಡೇವಿಸ್, ಫ್ರಾನ್ಸಿನ ಬೋರ್ಡೊ, ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೇ ಡಿಗ್ರಿ ಇದೆ. ಓದಿ, ಒಳ್ಳೆಯದೇ. ಆದರೆ ಕೆಲಸ ಕೊಡುವವರು ಎಷ್ಟು ಕೊಯ್ಲು ಮಾಡಿದ್ದೀರಿ ಅಂತಲೂ ಕೇಳುತ್ತಾರೆ.

ಸೆಲ್ಲಾರ್‌ನಿಂದ ಲ್ಯಾಬ್, ಅಲ್ಲಿಂದ ಸಹಾಯಕ ವೈನ್ ಮೇಕರ್, ಆಮೇಲೆ ಪೂರ್ತಿ ಹೊಣೆ. ಮೇಲೆ ಹೋದಷ್ಟೂ ಬಜೆಟ್, ಮೀಟಿಂಗ್, 225 ಲೀಟರಿನ ಓಕ್ ಬ್ಯಾರೆಲ್‌ಗಳ ಆರ್ಡರ್ ಜಾಸ್ತಿ. ಯಾವಾಗ ಕೊಯ್ಯಬೇಕು ಅನ್ನುವ ತೀರ್ಮಾನವನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಸಕ್ಕರೆ 24 ಬ್ರಿಕ್ಸ್ (ನೂರು ಗ್ರಾಂ ರಸಕ್ಕೆ ಸುಮಾರು 24 ಗ್ರಾಂ) ಅಂತ ಮೀಟರ್ ತೋರಿಸಿದರೂ ಹಣ್ಣಿನ ಬೀಜ ಕಚ್ಚಿ ನೋಡುತ್ತೇನೆ. ಇನ್ನೂ ಹಸಿರಾಗಿ, ಒಗರಾಗಿದ್ದರೆ ಕಾಯುತ್ತೇನೆ. ಮಳೆ ಬರುವ ಸೂಚನೆ ಇದ್ದರೆ ಅಷ್ಟು ಹಠ ನಡೆಯುವುದಿಲ್ಲ, ರಾತ್ರಿಯೇ ದೀಪ ಹಾಕಿಕೊಂಡು ಕೊಯ್ಲು ಶುರು.