ತೂಕದ ಮಾತು ಅವಳಿಗೆ ಮಾತ್ರವೇ?

22 ಜೂನ್ 2025, ಭಾನುವಾರ
ಕಾರವಾರ

ತಂಗಿಯನ್ನು ಮತ್ತೆ ಯಾರೋ ‘ಇನ್ನೂ ವಿಶೇಷ ಏನೂ ಇಲ್ಲವೇ?’ ಎಂದು ಕೇಳಿದರಂತೆ. ಪಕ್ಕದಲ್ಲಿದ್ದ ಅವಳ ಅತ್ತೆ, ‘ದಪ್ಪ ಆಗಿದ್ದಾಳಲ್ಲ, ಮೊದಲು ಅದು ಇಳಿಯಲಿ’ ಎಂದರಂತೆ. ಸಂಜೆ ಫೋನಿನಲ್ಲಿ ಇದನ್ನು ಹೇಳುವಾಗ ಅವಳ ದನಿ ಒಡೆಯಿತು. ನನಗೆ ಸಿಟ್ಟು ಬಂದಿದೆ, ಇನ್ನೂ ಇಳಿದಿಲ್ಲ.

ಅತ್ತೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ ಮಾತ್ರ. ಕೊಬ್ಬು ಹೆಚ್ಚಾದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ದೇಹ ಅದನ್ನು ಇನ್ನಷ್ಟು ಸುರಿಸುತ್ತದೆ, ಆಗ ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚುತ್ತದೆ, ಅಂಡ ತಿಂಗಳಿಗೆ ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಪಿಸಿಓಎಸ್ ಎಂಬ ಅಂಡಾಶಯದ ಹಾರ್ಮೋನು ತೊಂದರೆ ಇರುವ ತಂಗಿಗೆ ಮುಟ್ಟು ಮುಂದೆ ಹೋಗುವುದು ಇದರಿಂದಲೇ ಇರಬಹುದು. ತೀರಾ ತೆಳ್ಳಗಿದ್ದರೂ ಕಷ್ಟವೇ. ಊಟ ಸಾಲದ ದೇಹ ಮುಟ್ಟನ್ನೇ ನಿಲ್ಲಿಸಿಬಿಡುತ್ತದೆ. ಉಪವಾಸ ಹಾಕಿ ಇಳಿಸಿಬಿಡುತ್ತೇನೆ ಎನ್ನುವವರು ಇದನ್ನು ಕೇಳಿಸಿಕೊಳ್ಳಬೇಕು.

ಆದರೆ ಅವಳ ಗಂಡನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದವರು ಯಾರು? ಅವನು ಮೀನು ಹಿಡಿಯುವ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಎತ್ತರ 165 ಸೆಂಟಿಮೀಟರ್, ತೂಕ 96 ಕಿಲೊ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ದೇಹ ತೂಕ ಸೂಚ್ಯಂಕ (ಬಿಎಂಐ) 35 ದಾಟುತ್ತದೆ. ತಂಗಿಯದು 30ರ ಆಸುಪಾಸು. ಗಂಡಸಿನ ಕೊಬ್ಬು ಟೆಸ್ಟೊಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಕುಗ್ಗಬಹುದು. ಅಮೆರಿಕದ ಮಿಶಿಗನ್ ಮತ್ತು ಟೆಕ್ಸಾಸ್‌ನ 501 ದಂಪತಿಗಳನ್ನು ಹಿಂಬಾಲಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಬ್ಬರ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಇಬ್ಬರ ಸೂಚ್ಯಂಕವೂ 35 ದಾಟಿದ್ದ ಜೋಡಿಗಳಲ್ಲಿ ಗರ್ಭ ನಿಲ್ಲಲು, ಬೊಜ್ಜಿಲ್ಲದ ಜೋಡಿಗಳಿಗಿಂತ ಬಹಳ ಹೆಚ್ಚು ಸಮಯ ಬೇಕಾಯಿತು.

ಅವನಿಗೇ ಫೋನ್ ಕೊಡಲು ಹೇಳಿದೆ. ‘ಅಕ್ಕ, ಗಂಡಸರಿಗೂ ಇದು ತಟ್ಟುತ್ತದೆಯೇ?’ ಎಂದು ಕೇಳಿದ. ನಿಜವಾಗಿಯೂ ಗೊತ್ತಿರಲಿಲ್ಲ ಅವನಿಗೆ. ಯಾರೂ ಹೇಳದಿದ್ದರೆ ಗೊತ್ತಾಗುವುದಾದರೂ ಹೇಗೆ? ವೀರ್ಯಾಣು ಪಕ್ವವಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಹಾಗಾಗಿ ಈಗಲೇ ಶುರು ಮಾಡು ಎಂದೆ. ಮೀನುಗಾರಿಕೆ ನಿಷೇಧ ಜುಲೈ 31ರವರೆಗೆ ಇದೆ, ಬೋಟು ಬೈತಖೋಲ ಬಂದರಿನಲ್ಲಿ ಕಟ್ಟಿಯೇ ಇರುತ್ತದೆ. ಮನೆಯಲ್ಲಿ ಕೂತು ಬಿಸ್ಕೀಟು, ಸೋಡಾ ಎನ್ನುವ ಬದಲು ಮಳೆ ಬಿಟ್ಟಾಗಲೆಲ್ಲ ಇಬ್ಬರೂ ಕಡಲತೀರದಲ್ಲಿ ನಡೆಯಲಿ. ತೂಕ ಶೇಕಡಾ 5ರಿಂದ 10ರಷ್ಟು ಇಳಿದರೂ ಅನೇಕ ಹೆಂಗಸರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. 70 ಕಿಲೊದ ತಂಗಿಗೆ ಅದು ಮೂರೂವರೆಯಿಂದ ಏಳು ಕಿಲೊ, ಆಗದ ಮಾತೇನಲ್ಲ.

ತೂಕವೊಂದೇ ಕಾರಣ ಎಂದು ನಾನೂ ಹಟ ಹಿಡಿಯುವುದಿಲ್ಲ. ಥೈರಾಯ್ಡ್ ಇರಬಹುದು, ಗರ್ಭನಾಳ ಮುಚ್ಚಿರಬಹುದು, ವಯಸ್ಸಿದೆ. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ, ಹೆಂಡತಿಗೆ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ, ವೈದ್ಯರನ್ನು ಕಾಣಬೇಕು. ಇವರಿಗೆ ಎರಡು ವರ್ಷವಾಯಿತು.

ಬುಧವಾರ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಅವಳಿಗೆ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್, ಅವನಿಗೆ ವೀರ್ಯ ಪರೀಕ್ಷೆ. ಅವನು ಒಪ್ಪಿದ್ದಾನೆ. ಅತ್ತೆಗೆ ನಾಳೆ ನಾನೇ ಫೋನ್ ಮಾಡಿ ಹೇಳುತ್ತೇನೆ.