ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಮಾಡಿ

"ಅದನ್ನೆಲ್ಲ ಓದ್ತಾ ಕೂತ್ಕೋಬೇಡಿ ಮೇಡಂ. ಎಲ್ಲದಕ್ಕೂ ‘ಇಲ್ಲ’ ಅಂತ ಟಿಕ್ ಮಾಡಿ ಕಳಿಸ್ಬಿಡಿ. ಎಲ್ರೂ ಹಾಗೇ ಮಾಡೋದು."

ಸೋಮವಾರ ಸಂಜೆ ಟ್ರಾವೆಲ್ ಏಜೆಂಟ್ ಹೇಳಿದ ಮಾತು ಇದು. ವಾರ ಮುಗಿಯುತ್ತ ಬಂತು, ಇನ್ನೂ ಕಿವಿಯಲ್ಲೇ ಇದೆ. ಅವನೇನೂ ಗದರಿಸಿ ಹೇಳಲಿಲ್ಲ. ನಮಗೆ ತಲೆನೋವು ಕಡಿಮೆ ಆಗಲಿ ಅನ್ನುವ ಸೌಜನ್ಯದಲ್ಲೇ ಹೇಳಿದ. ಫೋನ್ ಸ್ಪೀಕರ್‌ನಲ್ಲಿತ್ತು. ಪಕ್ಕದಲ್ಲಿ ಅಕ್ಕ ಸೊಪ್ಪು ಸೋಸುತ್ತ ಕೂತಿದ್ದಳು. ಅವಳ ಕೈ ನಿಂತಿತು. "ಆಮೇಲೆ ಮಾಡ್ತೀವಿ ಅಂತ ಹೇಳಿ ಫೋನ್ ಇಡು" ಅಂದಳು.

ಓದಬೇಡಿ ಅಂದದ್ದು ಸ್ಕೂಬಾ ಡೈವಿಂಗ್‌ಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅದರಿಂದ ಉಸಿರಾಡುತ್ತ ಸಮುದ್ರದೊಳಗೆ ಹೋಗುವುದಕ್ಕೆ, ಇಳಿಯುವ ಮುಂಚೆ ತುಂಬಿಕೊಡಬೇಕಾದ ಆರೋಗ್ಯದ ಫಾರಂ ಬಗ್ಗೆ. ಮುಖ್ಯವಾಗಿ ಹತ್ತು ಪ್ರಶ್ನೆಗಳು. ಮೊದಲನೆಯದೇ ಶ್ವಾಸಕೋಶ, ಉಸಿರಾಟ, ಹೃದಯ, ರಕ್ತದ ತೊಂದರೆ ಇದ್ದಿದೆಯಾ ಅಂತ. ‘ಹೌದು’ ಅಂದರೆ ಇನ್ನಷ್ಟು ವಿವರ ಕೇಳುತ್ತಾರೆ, ಅಲ್ಲೂ ‘ಹೌದು’ ಬಂದರೆ ಡಾಕ್ಟರ್ ನೋಡಿ ಸಹಿ ಹಾಕಬೇಕು. ಕೊನೆಯ ಹಾಳೆ ಪೂರ್ತಿ ಡಾಕ್ಟರಿಗೇ ಮೀಸಲು. ನಮ್ಮ ಅಕ್ಕನಿಗೆ ಚಿಕ್ಕಂದಿನಿಂದ ಅಸ್ತಮಾ.

ಅಂಡಮಾನಿಗೆ ಹೋಗಬೇಕು ಅನ್ನುವುದು ಅವಳದೇ ಆಸೆ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ. ನೀರಿನ ಒತ್ತಡದ ಬಗ್ಗೆ ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದಾಯಿತು, ಒಂದು ಸಲ ಅದರೊಳಗೆ ಇಳಿದು ನೋಡಬೇಕು ಅನ್ನುತ್ತಿದ್ದಳು. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿಬರೋಣ ಅಂತ ಮೊದಲು ಅಂದುಕೊಂಡಿದ್ದೆವು. ಆದರೆ ಮಗ ಸೆಲ್ಯುಲಾರ್ ಜೈಲು ನೋಡಲೇಬೇಕು ಅಂತ ಭಾವನ ಹಟ. ಹಾಗಾಗಿ ಜನವರಿ ಕೊನೆಗೆ, ನಾವು ನಾಲ್ಕು ಜನ, ಪೋರ್ಟ್ ಬ್ಲೇರ್. ಈಗ ಅದರ ಹೆಸರು ಶ್ರೀ ವಿಜಯ ಪುರಂ. ಅಲ್ಲಿಂದ ದೋಣಿಯಲ್ಲಿ ಹ್ಯಾವ್ಲಾಕ್. 2018ರಿಂದ ಅದೂ ಸ್ವರಾಜ್ ದ್ವೀಪ. ಆದರೆ ನಾವು ಫೋನ್ ಮಾಡಿದವರೆಲ್ಲ ಹ್ಯಾವ್ಲಾಕ್ ಅಂತಲೇ ಅಂದರು.

ಏಜೆಂಟ್ ಕೊಟ್ಟ ಪ್ಲಾನ್ ನೋಡಲು ಚೆನ್ನಾಗಿಯೇ ಇತ್ತು. ಮೊದಲ ದಿನ ಜೈಲು, ಎರಡನೇ ದಿನ ಹ್ಯಾವ್ಲಾಕ್‌ನ ರಾಧಾನಗರ ಬೀಚು, ಮೂರನೇ ದಿನ ಬೆಳಕು ಹರಿಯುವಾಗ ಡೈವ್, ಒಂಬತ್ತರ ದೋಣಿ, ಮಧ್ಯಾಹ್ನ ಬೆಂಗಳೂರಿನ ವಿಮಾನ. "ಒಂದು ನಿಮಿಷ ವೇಸ್ಟ್ ಇಲ್ಲ ಮೇಡಂ" ಅಂತ ಅವನಿಗೂ ಹೆಮ್ಮೆ.

ಫೋನ್ ಇಟ್ಟ ಮೇಲೆ ಅಕ್ಕ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಎದ್ದುಹೋಗಿ ಔಷಧಿ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ಸಿರಿಂಜ್ ತಂದಳು. ಮಕ್ಕಳಿಗೆ ಸಿರಪ್ ಅಳೆದು ಹಾಕಲು ಕೊಡುತ್ತಾರಲ್ಲ, ಸೂಜಿ ಇಲ್ಲದ್ದು, ಅದು. ಮಗನನ್ನು ಕರೆದಳು. ಹಿಡಿಯನ್ನು ಅರ್ಧದವರೆಗೆ ಎಳೆದು, ತುದಿಗೆ ಅವನ ಹೆಬ್ಬೆರಳು ಒತ್ತಿಸಿದಳು. "ಈಗ ಗಾಳಿ ಒಳಗೆ ಸಿಕ್ಕಾಕ್ಕೊಂಡಿದೆ. ನೀನು ಹತ್ತು ಮೀಟರ್ ಕೆಳಗಿದೀಯ. ಮೇಲೆ ಬರ್ತಾ ಇದೀಯ" ಅಂತ ಹೇಳಿ ಹಿಡಿಯನ್ನು ಇನ್ನಷ್ಟು ಎಳೆದಳು. "ಗಾಳಿ ಅಷ್ಟೇ ಇದೆ. ಜಾಗ ಎಷ್ಟು ಬೇಕಾಯ್ತು ನೋಡು." ಅವನ ಬೆರಳಿನ ತುದಿ ಸಿರಿಂಜಿನ ಬಾಯಿಯೊಳಗೆ ಎಳೆದುಕೊಂಡು ಬೆಳ್ಳಗಾಗಿತ್ತು.

ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಒಂದು ಲೀಟರ್ ಇದ್ದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್ ಆಗುತ್ತದೆ. ಇಪ್ಪತ್ತರಿಂದ ಹತ್ತಕ್ಕೆ ಬರುವಾಗ ಒಂದೂವರೆ ಪಟ್ಟು ಮಾತ್ರ ಹಿಗ್ಗುತ್ತದೆ. ಅಂದರೆ ಆಳ ಕಡಿಮೆ, ಹೆದರಿಕೆ ಇಲ್ಲ ಅಂತ ನಾವು ಅಂದುಕೊಳ್ಳುವ ಕೊನೆಯ ಹತ್ತು ಮೀಟರಿನಲ್ಲೇ ಗಾಳಿ ಎಲ್ಲಕ್ಕಿಂತ ಜೋರಾಗಿ ಹಿಗ್ಗುವುದು. ಮೊದಲ ಸಲ ಇಳಿಯುವವರನ್ನು ಹನ್ನೆರಡು ಮೀಟರಿಗಿಂತ ಕೆಳಗೆ ಕರೆದುಕೊಂಡು ಹೋಗುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಅನ್ನುವ ಏಜೆಂಟನ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ಉಸಿರು ಹಿಡಿಯದೆ ಬಿಡುತ್ತ ಬಂದರೆ ಹಿಗ್ಗಿದ ಗಾಳಿ ಹೊರಗೆ ಹೋಗುತ್ತದೆ. ಆದರೆ ಅಸ್ತಮಾ ಕೆರಳಿದಾಗ ಉಸಿರ ಕೊಳವೆಗಳು ಕಿರಿದಾಗಿ, ಕಫ ಕಟ್ಟಿ, ಗಾಳಿ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಹೊರಬರಲು ದಾರಿ ಇಲ್ಲದಿದ್ದರೆ ಶ್ವಾಸಕೋಶ ಹರಿಯಬಹುದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳು ತಲುಪಬಹುದು. ಅದರ ಮೇಲೆ ಸಿಲಿಂಡರಿನಿಂದ ಬರುವುದು ಒಣಗಾಳಿ, ತಂಪು ಗಾಳಿ. ಅಸ್ತಮಾ ಕೆರಳಿಸುವುದಕ್ಕೆ ಅದೇ ಸಾಕು.

ಇಷ್ಟನ್ನೂ ಅಕ್ಕ ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಲ್ರೂ ಹಾಗೇ ಮಾಡೋದು ಅಂದ ನೋಡು" ಅಂದಳು. ಆ ಮಾತನ್ನು ಅವಳು ಮೊದಲ ಸಲ ಕೇಳುತ್ತಿದ್ದದ್ದಲ್ಲ. ನಾನೂ ಅಲ್ಲ.

ಅವಳ ಮದುವೆ ಮಾತುಕತೆ ನಡೆಯುವಾಗ ನಾನು ಹೈಸ್ಕೂಲಿನಲ್ಲಿದ್ದೆ. ಗಂಡಿನ ಕಡೆಯವರು ಬರುವ ಹಿಂದಿನ ರಾತ್ರಿ ನಮ್ಮ ಸೋದರತ್ತೆ ಅಕ್ಕನ ತಲೆ ಬಾಚುತ್ತ, "ಯಾರಾದ್ರೂ ಕೇಳಿದ್ರೆ ಏನೂ ಇಲ್ಲ ಅನ್ನು. ಎಲ್ರ ಮನೇಲೂ ಹೀಗೇ ಕಣೆ" ಅಂದಿದ್ದರು. ಅಮ್ಮ ಸುಮ್ಮನಿದ್ದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಯಾರೂ ಕೇಳಲೂ ಇಲ್ಲ, ಅಕ್ಕ ಹೇಳಲೂ ಇಲ್ಲ. ನೀಲಿ ಬಣ್ಣದ ಇನ್‌ಹೇಲರ್ ಬ್ಲೌಸ್ ಪೀಸುಗಳ ಸುರುಳಿಯೊಳಗೆ ಸೇರಿ ಮೈಸೂರಿಗೆ ಹೋಯಿತು.

ಸೋದರತ್ತೆಯನ್ನು ಕೆಟ್ಟವರು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮನ್ನು ಎತ್ತಿ ಆಡಿಸಿದವರು. ಅಕ್ಕನಿಗೆ ಉಸಿರು ಕಟ್ಟಿದ ರಾತ್ರಿಗಳಲ್ಲಿ ಬೆನ್ನು ಸವರುತ್ತ ಕೂತವರೂ ಅವರೇ. ಅಸ್ತಮಾ ಇರುವ ಹುಡುಗಿ ಅಂತ ಒಂದು ಸಂಬಂಧ ಅದಾಗಲೇ ತಪ್ಪಿತ್ತು. ನಿಜ ಹೇಳಿದವರಿಗೆ ಏನು ಸಿಗುತ್ತದೆ ಅಂತ ಅವರು ಕಣ್ಣಾರೆ ನೋಡಿದ್ದರು. ಆದರೂ ಆ ಮಾತು ಹೇಳಬಾರದಿತ್ತು ಅಂತಲೇ ನಾನು ಈವತ್ತಿಗೂ ಅನ್ನುತ್ತೇನೆ.

ಯಾಕೆಂದರೆ ಆಮೇಲೆ ಆದದ್ದು ನನಗೆ ಗೊತ್ತು. ಹೊಸ ಹೆಂಡತಿ ಬರುತ್ತಾಳೆ ಅಂತ ಭಾವ ಬಾಡಿಗೆ ಮನೆಗೆ ತಮ್ಮ ಕೈಯಿಂದ ದುಡ್ಡು ಹಾಕಿ ಪೇಂಟ್ ಮಾಡಿಸಿದ್ದರು, ಕಿಟಕಿ ಬಾಗಿಲುಗಳಿಗೂ ಸೇರಿ. ಆ ವಾಸನೆಗೆ ಅಕ್ಕನಿಗೆ ರಾತ್ರಿಯೆಲ್ಲ ಉಬ್ಬಸ. ಬಚ್ಚಲಮನೆಗೆ ಹೋಗಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಇನ್‌ಹೇಲರ್ ಎಳೆದುಕೊಳ್ಳುತ್ತಿದ್ದಳಂತೆ. ಕೊನೆಗೆ ಒಂದು ರಾತ್ರಿ ಬಚ್ಚಲಲ್ಲೇ ಕುಸಿದು ಕೂತಾಗ ಭಾವನಿಗೆ ಗೊತ್ತಾಯಿತು. ಅವರು ಕೂಗಾಡಲಿಲ್ಲ, ತವರಿಗೆ ಫೋನ್ ಮಾಡಲಿಲ್ಲ. ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ ಹೇಳಿದ್ದು ಒಂದೇ: "ಮೊದಲೇ ಗೊತ್ತಿದ್ದಿದ್ರೆ ಪೇಂಟ್ ವಾಸನೆ ಹೋಗೋವರೆಗೆ ನಮ್ಮಮ್ಮನ ಮನೇಲೇ ಇರ್ತಿದ್ವಲ್ಲ."

ಈ ಮಾತು ನನಗೆ ಆ ವಯಸ್ಸಿನಲ್ಲಿ ಪೂರ್ತಿ ಅರ್ಥವಾಗಿರಲಿಲ್ಲ. ಈ ವಾರ ಆಯಿತು. ಅಕ್ಕನನ್ನು ಕಾಪಾಡಬಹುದಾಗಿದ್ದ ಮನುಷ್ಯ ಅದೇ ಮನೆಯಲ್ಲಿ, ಒಂದು ಗೋಡೆಯಾಚೆ ಮಲಗಿದ್ದ. ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ನಮ್ಮವರು ಅಕ್ಕನನ್ನು ಉಳಿಸಲು ಹೇಳಿಕೊಟ್ಟ ‘ಇಲ್ಲ’ ಅವಳಿಗೆ ಇದ್ದ ಒಬ್ಬ ದಿಕ್ಕನ್ನೂ ತಪ್ಪಿಸಿತ್ತು. ಮದುವೆಯಾಯಿತಲ್ಲ, ಸುಖವಾಗಿದ್ದಾರಲ್ಲ, ಏನಾಯಿತು ಈಗ ಅಂತ ಸೋದರತ್ತೆ ಕೇಳುತ್ತಾರೆ. ಆ ರಾತ್ರಿಗಳು ಆದವಲ್ಲ ಅತ್ತೆ.

ಮಂಗಳವಾರ ಏಜೆಂಟನನ್ನು ಬಿಟ್ಟು ನಾವೇ ಹ್ಯಾವ್ಲಾಕ್‌ನ ಡೈವಿಂಗ್ ಸೆಂಟರ್ ಒಂದಕ್ಕೆ ಫೋನ್ ಮಾಡಿದೆವು. ಮಾತಾಡಿದ್ದು ಅಲ್ಲೇ ಹುಟ್ಟಿ ಬೆಳೆದ ಇನ್‌ಸ್ಟ್ರಕ್ಟರ್. ಹ್ಯಾವ್ಲಾಕ್‌ನಲ್ಲಿ ಹೆಚ್ಚಿನವರು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದ ಕುಟುಂಬದವರು, ಇವರ ಹಿಂದಿಯಲ್ಲೂ ಬಂಗಾಳಿ ರಾಗ. ದುಡ್ಡಿನ ಮಾತು ಎತ್ತುವ ಮುಂಚೆ ಅವರು ಕೇಳಿದ್ದು ವಾಪಸ್ ವಿಮಾನ ಯಾವಾಗ ಅಂತ. ಭಾವ ಹೇಳಿದರು. "ಹಾಗಾದ್ರೆ ಆ ದಿನ ನಾನು ನಿಮ್ಮನ್ನು ನೀರಿಗೆ ಇಳಿಸೋದಿಲ್ಲ" ಅಂದರು ಆತ.

ಕಾರಣವನ್ನು ಅಕ್ಕ ಆಮೇಲೆ ಬಿಡಿಸಿದಳು. ಒತ್ತಡದಲ್ಲಿ ಉಸಿರಾಡುವಾಗ ಮೈಗೆ ಸಾರಜನಕ ಹೆಚ್ಚಾಗಿ ಕರಗಿಕೊಳ್ಳುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ವಿಮಾನದೊಳಗಿನ ಒತ್ತಡ ನೆಲದ ಮೇಲಿನಷ್ಟಿರುವುದಿಲ್ಲ, ಮುಳ್ಳಯ್ಯನಗಿರಿಯ ತುದಿಯಲ್ಲಿ ಇರುವಷ್ಟು ಅಥವಾ ಇನ್ನೂ ಕಡಿಮೆ. ಸಾರಜನಕ ಮೈಯಲ್ಲಿ ಇರುವಾಗಲೇ ಅಲ್ಲಿಗೆ ಏರಿದರೆ, ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಒಳಗೇ ಗುಳ್ಳೆ ಏಳಬಹುದು. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ದಿನಕ್ಕೆ ಎರಡು ಮೂರು ಮಾಡಿದರೆ ಅಥವಾ ಹಲವು ದಿನ ಇಳಿದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಇಡೀ ಒಂದು ದಿನ ಬಿಡುವುದೇ ಒಳ್ಳೆಯದು. ನಮ್ಮ ಪ್ಲಾನಿನಲ್ಲಿ ಆರೇಳು ಗಂಟೆಯೂ ಇರಲಿಲ್ಲ.

ಆಮೇಲೆ ಅಕ್ಕ ಫೋನ್ ಇಸಿದುಕೊಂಡು, "ನನಗೆ ಅಸ್ತಮಾ ಇದೆ. ಚಳಿಗಾಲದಲ್ಲಿ ಇನ್‌ಹೇಲರ್ ಬೇಕಾಗುತ್ತೆ" ಅಂತ ನೇರವಾಗಿ ಹೇಳಿಬಿಟ್ಟಳು. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. "ಹೇಳಿದ್ದು ತುಂಬಾ ಒಳ್ಳೇದಾಯ್ತು ದೀದಿ" ಅಂದರು. ಶ್ವಾಸಕೋಶದ ಡಾಕ್ಟರಿಗೆ ಫಾರಂ ತೋರಿಸಿ, ಊದಿಸುವ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಅವರು ಒಪ್ಪಿದರೆ ನಿಮ್ಮನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಅಂದರು. "ಬೇಡ ಅಂದ್ರೂ ಬನ್ನಿ. ಎದೆಮಟ್ಟದ ನೀರಲ್ಲಿ ಮಾಸ್ಕ್ ಹಾಕ್ಕೊಂಡು ಮೀನು ನೋಡೋಕೆ ಸಿಲಿಂಡರ್ ಬೇಡ."

ಹವಳದ ಬಗ್ಗೆಯೂ ಆತ ಬಣ್ಣ ಕಟ್ಟಲಿಲ್ಲ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳ ಬೆಳ್ಳಗಾಗಿ, ಆಳವಿಲ್ಲದ ಕಡೆ ಬಹಳಷ್ಟು ಸತ್ತಿತು, ಫೋಟೋದಲ್ಲಿ ನೋಡಿದ ಬಣ್ಣ ಎಲ್ಲ ಕಡೆ ಸಿಗುತ್ತದೆ ಅಂತ ಬರಬೇಡಿ ಅಂದರು. ಮುಟ್ಟಬಾರದು, ಚೂರು ಕೂಡ ಎತ್ತಿಕೊಂಡು ಬರಬಾರದು, ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ ಅಂತ ಎಚ್ಚರಿಸಿದರು. ಹುಡುಗನ ಹತ್ತಿರವೂ ಮಾತಾಡಿದರು. ನೀರೊಳಗೆ ಹೆಬ್ಬೆರಳು ಮೇಲೆ ಮಾಡಿದರೆ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗೋಣ ಅಂತ. ಏನಾದರೂ ಸರಿ ಇಲ್ಲ ಅನ್ನಿಸಿದರೆ ಅಂಗೈ ಚಪ್ಪಟೆ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಬೇಕು. "ಸುಮ್ನೆ ತಡ್ಕೊಂಡಿರಬೇಡ ಬೇಟಾ. ನೀನು ತೋರಿಸದೆ ಇದ್ರೆ ನನಗೆ ಗೊತ್ತಾಗಲ್ಲ" ಅಂದರು.

ಏನಾದರೂ ಆದರೆ ತಾವು ಸಿಕ್ಕಿಕೊಳ್ಳುವುದು ಬೇಡ ಅಂತ ಡೈವಿಂಗ್ ಸೆಂಟರಿನವರು ಫಾರಂ ತುಂಬಿಸುತ್ತಾರೆ ಅನ್ನುವುದೂ ಸುಳ್ಳಲ್ಲ. ಆದರೆ ಅದನ್ನು ಓದಿ ಪ್ರಶ್ನೆ ಕೇಳುವ ಒಬ್ಬ ಮನುಷ್ಯ ಆ ತುದಿಯಲ್ಲಿ ಇದ್ದಾನೆ. ಮೊದಲ ಸಲ ಇಳಿಯುವವರ ಸಿಲಿಂಡರನ್ನು ಹಿಂದಿನಿಂದ ಹಿಡಿದುಕೊಂಡು ಹೋಗುವವನೂ ಅವನೇ. ಅವನ ಕೈಗೆ ಸುಳ್ಳು ಕಾಗದ ಕೊಟ್ಟು, ಜೀವವನ್ನೂ ಅವನ ಕೈಗೇ ಕೊಡುವುದು ಯಾವ ನ್ಯಾಯ? ಇನ್ಶೂರೆನ್ಸ್, ಕೆಲಸದ ಅರ್ಜಿ, ಡ್ರೈವಿಂಗ್ ಲೈಸೆನ್ಸ್, ಎಲ್ಲಿ ಹೋದರೂ ನಿಜ ಬರೆದವರಿಗೇ ಬಾಗಿಲು ಹಾಕುತ್ತಾರೆ. ಅದಕ್ಕೇ ಜನ ‘ಇಲ್ಲ’ ಬರೆಯುವುದನ್ನು ಕಲಿತಿದ್ದಾರೆ. ಜನರನ್ನಷ್ಟೇ ಬೈದು ಪ್ರಯೋಜನವಿಲ್ಲ. ‘ಹೌದು’ ಅಂದವಳಿಗೆ ‘ಬೇಡ ಅಂದ್ರೂ ಬನ್ನಿ’ ಅನ್ನುವವರು ಎಷ್ಟು ಜನ ಸಿಗುತ್ತಾರೆ? ಮೊದಲು ಅಸ್ತಮಾ ಅಂದರೆ ಡೈವಿಂಗ್ ಪೂರ್ತಿ ನಿಷಿದ್ಧವಾಗಿತ್ತು. ಈಗ ಎಷ್ಟೋ ಡಾಕ್ಟರುಗಳು ಪರೀಕ್ಷೆ ಮಾಡಿ, ಹತೋಟಿಯಲ್ಲಿದೆಯೇ ನೋಡಿ, ಒಬ್ಬೊಬ್ಬರ ವಿಷಯ ಬೇರೆಬೇರೆಯಾಗಿ ತೀರ್ಮಾನಿಸುತ್ತಾರೆ. ಮುಚ್ಚಿಟ್ಟಿದ್ದರೆ ಅಕ್ಕನಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ.

ಬುಧವಾರ ಏಜೆಂಟ್ ಮತ್ತೆ ಫೋನ್ ಮಾಡಿದ್ದ. ವಿಮಾನ ಒಂದು ದಿನ ಮುಂದಕ್ಕೆ ಹಾಕಿ ಅಂದೆ, ದುಡ್ಡು ಜಾಸ್ತಿಯಾಗುತ್ತದೆ ಅಂದ, ಆಗಲಿ ಅಂದೆ. ಫಾರಂ ಬಗ್ಗೆ ನಮಗೆ ಹೇಳಿದ ಮಾತನ್ನು ಬೇರೆ ಯಾರಿಗೂ ಹೇಳಬೇಡಿ ಅಂತಲೂ ಹೇಳಿದೆ. "ಇಲ್ಲೀವರೆಗೆ ಯಾರಿಗೂ ಏನೂ ಆಗಿಲ್ಲ ಮೇಡಂ" ಅಂದ. ಹುಡುಗ ಚಿಕ್ಕವನು, ನೀರಿಗೆ ಇಳಿದವನಲ್ಲ, ಮೇಲಿನವರು ಹೇಳಿಕೊಟ್ಟದ್ದನ್ನು ಹೇಳುತ್ತಿದ್ದಾನೆ ಅನ್ನಿಸಿತು. ಸಿರಿಂಜಿನ ವಿಷಯ ಅವನಿಗೂ ಪೂರ್ತಿ ಹೇಳಿದೆ. ಕೇಳಿಸಿಕೊಂಡ.

ನಿನ್ನೆ ರಾತ್ರಿ ಊಟವಾದ ಮೇಲೆ ನಾಲ್ಕೂ ಫಾರಂ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿಕೊಂಡು ಕೂತೆವು. ಅಕ್ಕ ಮೊದಲ ಪ್ರಶ್ನೆಗೇ ‘ಹೌದು’ ಗುರುತು ಹಾಕಿದಳು. ಭಾವ ಅವಳ ಔಷಧಿಗಳ ಹೆಸರನ್ನು ಬೇರೆ ಹಾಳೆಯಲ್ಲಿ ಒಂದೊಂದಾಗಿ ಬರೆದರು, ಅವರಿಗೆ ಎಲ್ಲವೂ ಬಾಯಿಪಾಠ. ಹುಡುಗ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದವನು, "ಅಮ್ಮ, ನಂಗೆ ಹೋದ್ಸಲ ಈಜು ಕ್ಲಾಸಲ್ಲಿ ಕಿವಿ ನೋವು ಬಂದಿತ್ತು. ಸರ್‌ಗೆ ಹೇಳಿರ್ಲಿಲ್ಲ. ಅದನ್ನೂ ಬರೀಬೇಕಾ?" ಅಂದ. ಅಕ್ಕ ಬರಿ ಅಂದಳು. ಯಾವ ಕಿವಿ, ಎಷ್ಟು ದಿನ ಇತ್ತು, ಸೋರಿತ್ತಾ ಅಂತ ಭಾವ ಕೇಳುತ್ತ ಹೋದರು. ಕೆಳಗೆ ಇಳಿಯುವಾಗ ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡಿಕೊಳ್ಳಬೇಕು, ಆಗದಿದ್ದರೆ ತಮಟೆಗೇ ಪೆಟ್ಟು. ಹಾಗಾಗಿ ಶನಿವಾರ ಬೆಳಿಗ್ಗೆ ಶ್ವಾಸಕೋಶದ ಡಾಕ್ಟರ್, ಅದೇ ಸಂಜೆ ಕಿವಿ ಡಾಕ್ಟರ್. ಎರಡಕ್ಕೂ ಟೋಕನ್ ತೆಗೆದಿದ್ದೇವೆ.