ಟರ್ಬೋ ಪ್ಲೀನಮ್, ಭಾಗ 4: ಮುಚ್ಚಳ ಉಬ್ಬಿತು

ಹೋದ ಭಾನುವಾರ ಪ್ಲೀನಮ್ಮಿನ, ಅಂದರೆ ಇಂಜಿನ್ನಿಗೆ ಹೋಗೋ ಗಾಳಿ ಕೂಡಿಡೋ ಡಬ್ಬಿಯ, ಮುಚ್ಚಳ ಉಬ್ಬಿತು. ಇಂಜಿನ್ ಮೇಲಲ್ಲ, ಶೆಡ್ಡಿನ ಬೆಂಚಿನ ಮೇಲೆ. ಅಷ್ಟರ ಮಟ್ಟಿಗೆ ಪುಣ್ಯ.

ಹೊಸಬರಿಗೆ ಎರಡು ಮಾತು. ಹಳೆ ಮಾರುತಿ ಎಸ್ಟೀಮ್ ಕಾರಿನ 1298 ಸಿಸಿ ಇಂಜಿನ್, ಅದಕ್ಕೆ ಸೂಪರ್‌ಬೈಕಿನ 38 ಮಿಮೀ ಥ್ರಾಟಲ್ ಬಾಡಿ (ಗಾಳಿ ಬಿಡೋ, ತಡೆಯೋ ಬಾಗಿಲು) ನಾಲ್ಕು, ಸಿಲಿಂಡರಿಗೊಂದು. ಜೊತೆಗೆ ಸಣ್ಣ ಟರ್ಬೋ, ಇಂಜಿನ್ನಿಗೆ ಗಾಳಿ ಒತ್ತಿ ತುಂಬೋಕೆ. ಸ್ಟ್ಯಾಂಡಿನ ಮೇಲೆ ಓಡಿಸೋಕೆ ಮಾತ್ರ, ರಸ್ತೆಗಲ್ಲ. ಮನೇಲಿ ಹುಚ್ಚು ಅಂತಾರೆ. ನಿಸಾನ್‌ನವರು 1989ರಲ್ಲೇ ಸ್ಕೈಲೈನ್ ಜಿಟಿ-ಆರ್‌ಗೆ ಆರು ಥ್ರಾಟಲ್, ಎರಡು ಟರ್ಬೋ ಹಾಕಿ ಮಾರಿದ್ದರು ಅಂದರೆ ಯಾರೂ ಕೇಳೋದಿಲ್ಲ.

ಮಾಮೂಲಿ ಟರ್ಬೋ ಇಂಜಿನ್ನಿನಲ್ಲಿ ಥ್ರಾಟಲ್ ಮೊದಲು, ಪ್ಲೀನಮ್ ಆಮೇಲೆ. ಡಬ್ಬಿ ದೊಡ್ಡದಾದರೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸ್ವಲ್ಪ ಸೋಮಾರಿ ಆಗುತ್ತದೆ. ಇಲ್ಲಿ ತಿರುಗಾಮುರುಗಾ. ಪ್ಲೀನಮ್ ಮೊದಲು, ಥ್ರಾಟಲ್ ಇಂಜಿನ್ನಿನ ಬಾಯಲ್ಲೇ. ಹಾಗಾಗಿ ಧೈರ್ಯವಾಗಿ ಮೂರೂವರೆ ಲೀಟರ್ ಡಬ್ಬಿ ಮಾಡಿದೆ. ಟ್ರಂಪೆಟ್ (ಡಬ್ಬಿಯೊಳಗೆ ಥ್ರಾಟಲ್ಲಿಗೆ ಗಾಳಿ ಕೊಡೋ ಕಹಳೆಯಂಥ ಕೊಳವೆ) ಬಾಯಿಂದ ಮುಚ್ಚಳಕ್ಕೆ 5 ಸೆಂಮೀ ಜಾಗ ಬಿಟ್ಟೆ. ಅದು ಥ್ರಾಟಲ್ಲಿನ ಅಗಲಕ್ಕಿಂತ ಕಡಿಮೆಯಾದರೆ ಗಾಳಿಗೆ ಉಸಿರು ಕಟ್ಟುತ್ತದೆ.

ಆದರೆ ಈ ಜೋಡಣೆಗೆ ಒಂದು ಕಾಟ ಇದೆ. ಕಾಲು ತೆಗೆದ ಕೂಡಲೇ ನಾಲ್ಕೂ ಬಾಗಿಲು ಮುಚ್ಚುತ್ತವೆ, ಟರ್ಬೋ ಮಾತ್ರ ತಿರುಗುತ್ತಲೇ ಇರುತ್ತದೆ. ಹೆಚ್ಚಾದ ಗಾಳಿ ಹೊರಗೆ ಬಿಡೋ ಬ್ಲೋ ಆಫ್ ವಾಲ್ವ್ ತೆರೆಯೋ ತನಕ ಆ ಗಾಳಿ ಬಂದು ಗುದ್ದೋದು ಪ್ಲೀನಮ್ಮಿಗೇ. ಅದಕ್ಕೇ ಓಡಿಸೋದು 0.7 ಬಾರ್ ಒತ್ತಡದಲ್ಲಾದರೂ ಟೆಸ್ಟ್ ಮಾಡಿದ್ದು 1 ಬಾರ್‌ಗೆ.

ಡಬ್ಬಿ ತುಂಬ ನೀರು ಹಾಕಿ, ಬಾಯಿಗಳಿಗೆಲ್ಲ ಪ್ಲೇಟ್ ಬಿಗಿದು, ಸೈಕಲ್ ಪಂಪಿನಲ್ಲಿ ಒತ್ತಡ ಕೊಟ್ಟೆ. ಬರೀ ಗಾಳಿ ತುಂಬಿಸಿ ಈ ಕೆಲಸ ಮಾಡಬೇಡಿ, ಒಡೆದರೆ ಚೂರು ಹಾರಿ ಬರುತ್ತವೆ. 0.8 ದಾಟಿದಾಗ 'ಟಕ್' ಅಂತು. 1 ಬಾರ್‌ನಲ್ಲಿ ಮುಚ್ಚಳದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟರೆ ತಕ್ಕಡಿ ಥರ ಆಡುತ್ತಿತ್ತು. ನಡುವೆ 3 ಮಿಮೀ ಉಬ್ಬು. ಒತ್ತಡ ಬಿಟ್ಟ ಮೇಲೂ ಪೂರ್ತಿ ಇಳಿಯಲಿಲ್ಲ.

ಲೆಕ್ಕ ಹಾಕಿದ್ದು ಆಮೇಲೆ, ನಾಚಿಕೆಗೇಡು. ಮುಚ್ಚಳ 36 ಸೆಂಮೀ ಉದ್ದ, 12 ಅಗಲ. 1 ಬಾರ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ. ಒಟ್ಟು 432 ಕೆಜಿ! ಎಂಟು ಮೂಟೆ ಸಿಮೆಂಟಿಗಿಂತ ಜಾಸ್ತಿ ಭಾರ, 2 ಮಿಮೀ ತಗಡಿನ ಮೇಲೆ. ಅದೂ ವೆಲ್ಡಿಂಗ್ ಬಿಸಿಗೆ ಅಂಚಿನ ಅಲ್ಯುಮಿನಿಯಂ ಮೆತ್ತಗಾಗಿತ್ತು.

ಪಿ.ಬಿ. ರೋಡಿನ ಟಿಗ್ ವೆಲ್ಡರ್ ಅಣ್ಣ ನೋಡಿ ನಕ್ಕ. "ಮಂಡಕ್ಕಿ ಡಬ್ಬಿ ಮಾಡಿ ತಂದೀರಲ್ಲ ಸರ್. ಕುಕ್ಕರ್ ಯಾಕ್ ದುಂಡಗೈತಿ ಹೇಳ್ರಿ?" ಉತ್ತರ ಕೊಡೋ ಮುಖ ನನಗಿರಲಿಲ್ಲ. ಚಪ್ಪಟೆ ತಗಡು ಉಬ್ಬುತ್ತದೆ, ದುಂಡಗಿದ್ದರೆ ಒತ್ತಡ ತಡೆಯುತ್ತದೆ.

ಈಗ 3 ಮಿಮೀ ದಪ್ಪದ ಐದಿಂಚು ಅಲ್ಯುಮಿನಿಯಂ ಪೈಪನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಕಮಾನಿನ ಹಾಗೆ ಮೇಲೆ ಕೂರಿಸಿದ್ದೇವೆ. ಟ್ರಂಪೆಟ್‌ಗಳು ಹಳೆಯವೇ. ಹರಿಹರದಲ್ಲಿ ಹಳೆ ಮೈಸೂರು ಕಿರ್ಲೋಸ್ಕರ್ ಲೇತಿನಲ್ಲಿ ತಿರುಗಿಸಿದ್ದು, ಬಾಯಿಯ ಅಂಚು ಹೊರಗೆ ಚೆನ್ನಾಗಿ ಬಾಗಿದೆ. ಬುಧವಾರ ಮತ್ತೆ 1 ಬಾರ್. ಸ್ಕೇಲಿನ ಅಡಿ ಬೆಳಕು ಕಾಣಲಿಲ್ಲ.

ಖುಷಿಯಲ್ಲಿ ಬೆಣ್ಣೆ ದೋಸೆ ತಿಂದು ಬಂದು, ಥ್ರಾಟಲ್ ಬಾಡಿ ಸೇರಿಸಿ, ಕಡಿಮೆ ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿದೆ. ಎರಡನೇದು, ಮೂರನೇದರ ಶಾಫ್ಟಿನ ತುದಿಯಲ್ಲಿ ಗುಳ್ಳೆ ಬುಳುಬುಳು. ಬೈಕಿನ ಸೀಲು ಗಾಳಿ ಒಳಗೆ ಎಳೆಯದಂತೆ ಕೂರಿಸಿದ್ದು, ಹೊರಗೆ ತಳ್ಳದಂತೆ ಅಲ್ಲ. ಮುಂದಿನ ವಾರ ಶಾಫ್ಟ್ ಬಿಚ್ಚಬೇಕು.